ಎರಡನೇ ಸ್ಟೇಷನ್: ನಮ್ಮ ಹಳ್ಳಿಗಳಿಗೆ ಶಾರ್ಟ್‌ವೇವ್ ರೇಡಿಯೋ ಕೊಟ್ಟಿದ್ದೇನು?

ಹಳ್ಳಿ ಮತ್ತು ರೇಡಿಯೋ ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರುವುದು ಹಾಡು, ನಾಟಕ, ಕ್ರಿಕೆಟ್ ಕಾಮೆಂಟರಿ, ಕೃಷಿರಂಗ. ಅದೆಲ್ಲ ನಿಜವೇ. ಆದರೆ ಅಜ್ಜನ ಕಾಲದ ಆ ಚರ್ಮದ ಕವಚದ ಟ್ರಾನ್ಸಿಸ್ಟರಿನ ಮುಖವನ್ನು ಒಮ್ಮೆ ಸರಿಯಾಗಿ ನೋಡಿ. ಒಂದು ಸಾಲಿನಲ್ಲಿ ಎಂ.ಡಬ್ಲ್ಯು., ಅದರ ಕೆಳಗೆ ಎಸ್.ಡಬ್ಲ್ಯು. 1, ಎಸ್.ಡಬ್ಲ್ಯು. 2 ಅಂತ ಬರೆದಿರುತ್ತದೆ. ಪಕ್ಕದಲ್ಲಿ 49, 41, 31, 25, 19 ಅಂತ ಸಣ್ಣ ಅಂಕಿಗಳು. ಈ ಕೆಳಗಿನ ಸಾಲುಗಳ ಕಥೆಯನ್ನು ಹೇಳುವವರು ಕಡಿಮೆ. ಮೇಲಿನ ಸಾಲು ನಮ್ಮ ಸರ್ಕಾರದ ದನಿ ಕೇಳಿಸುತ್ತಿತ್ತು. ಕೆಳಗಿನ ಸಾಲು ಬೇರೆಯವರ ದನಿ ಕೇಳಿಸುತ್ತಿತ್ತು. ಒಂದೇ ಸುದ್ದಿಯನ್ನು ಎರಡು ಕಡೆಯಿಂದ ಕೇಳಿ ತೂಗಿ ನೋಡುವ ಅಭ್ಯಾಸ ನಮ್ಮ ಊರುಗಳಿಗೆ ಬಂದಿದ್ದು ಅಲ್ಲಿಂದ.

ಅಲೆ ಹೇಗೆ ಅಷ್ಟು ದೂರ ಬರುತ್ತದೆ?

ಮೀಡಿಯಂ ವೇವ್ ಹಗಲಲ್ಲಿ ನೆಲ ಹಿಡಿದು ಹೋಗುವ ಅಲೆ. ಬೆಂಗಳೂರಿನ 612, ಧಾರವಾಡದ 765, ಭದ್ರಾವತಿಯ 675 ಕಿಲೋಹರ್ಟ್ಸ್ ಎಲ್ಲ ಇದೇ ಜಾತಿ. ಸುತ್ತಲಿನ ಕೆಲವು ಜಿಲ್ಲೆಗಳಿಗೆ ಚೆನ್ನಾಗಿ ಕೇಳುತ್ತದೆ, ಆಮೇಲೆ ಸೊರಗುತ್ತದೆ.

ಶಾರ್ಟ್‌ವೇವ್ ಹಾಗಲ್ಲ. ಕೆರೆ ನೀರಿನ ಮೇಲೆ ಚಪ್ಪಟೆ ಕಲ್ಲನ್ನು ಓರೆಯಾಗಿ ಎಸೆದರೆ ಪುಟಿಪುಟಿದು ಆಚೆ ದಡಕ್ಕೆ ಹೋಗುತ್ತದಲ್ಲ, ಹಾಗೆ ಇದು ಆಕಾಶಕ್ಕೂ ನೆಲಕ್ಕೂ ನಡುವೆ ಪುಟಿಯುತ್ತ ಸಾವಿರಾರು ಕಿಲೋಮೀಟರ್ ಹೋಗುತ್ತದೆ. ಬಹಳ ಎತ್ತರದಲ್ಲಿ, ಬಿಸಿಲಿನ ಹೊಡೆತಕ್ಕೆ ವಿದ್ಯುತ್ ಕಣಗಳಾಗಿ ಒಡೆದ ಗಾಳಿಯ ಪದರವೊಂದಿದೆ. ಅದಕ್ಕೆ ಅಯಾನುಗೋಳ ಎನ್ನುತ್ತಾರೆ. ಅಂಥ ಪದರ ಇರಬೇಕು ಎಂದು 1902ರಲ್ಲಿ ಕೆನೆಲಿ ಮತ್ತು ಹೆವಿಸೈಡ್ ಎಂಬ ಇಬ್ಬರು ಬೇರೆಬೇರೆಯಾಗಿ ಊಹಿಸಿದರು. 1924ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಆಪಲ್ಟನ್ ಅದು ಇದೆ ಎಂದು ಪ್ರಯೋಗದಿಂದ ತೋರಿಸಿದರು. 1947ರ ನೊಬೆಲ್ ಬಹುಮಾನ ಅವರಿಗೆ ಸಿಕ್ಕಿತು.

ಬಿಸಿಲಿಗೆ ಈ ಪದರ ಗಟ್ಟಿಯಾಗುತ್ತದೆ, ರಾತ್ರಿ ತೆಳುವಾಗುತ್ತದೆ. ಅದಕ್ಕೇ ಒಂದೇ ಸ್ಟೇಷನ್ ಬೆಳಿಗ್ಗೆ ಒಂದು ಕಡೆ, ರಾತ್ರಿ ಇನ್ನೊಂದು ಕಡೆ ಸಿಗುತ್ತದೆ. ಅದಕ್ಕೇ ದನಿ ಉಯ್ಯಾಲೆಯ ಹಾಗೆ ಉಬ್ಬಿ ಇಳಿಯುತ್ತದೆ. ಹಳಬರು ಅದನ್ನು ಸೆಟ್ಟಿನ ದೋಷ ಎನ್ನುತ್ತಿರಲಿಲ್ಲ. "ಗಾಳಿ ಸರಿ ಇಲ್ಲ" ಎನ್ನುತ್ತಿದ್ದರು. ಅದು ದೊಡ್ಡ ತಪ್ಪು ಮಾತೇನಲ್ಲ.

ಗುಟ್ಟಾಗಿ ಪ್ರಸಾರ ಮಾಡಿದ ಕಾಲ

ನಮ್ಮ ನಾಡಿನ ರೇಡಿಯೋ ಕಥೆ ಮೈಸೂರಿನಿಂದ ಶುರುವಾಗುತ್ತದೆ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಒಂದು ಸಣ್ಣ ಟ್ರಾನ್ಸ್‌ಮಿಟರಿನಲ್ಲಿ ಪ್ರಸಾರ ಶುರು ಮಾಡಿದರು. ಅದಕ್ಕೆ ಇಟ್ಟ ಹೆಸರು 'ಆಕಾಶವಾಣಿ'. ಮುಂದೆ ಇಡೀ ದೇಶದ ರೇಡಿಯೋ ಆ ಹೆಸರನ್ನು ತೆಗೆದುಕೊಂಡಿತು. 2023ರಲ್ಲಿ 'ಆಲ್ ಇಂಡಿಯಾ ರೇಡಿಯೋ' ಎಂಬ ಇಂಗ್ಲಿಷ್ ಹೆಸರು ಬಿಟ್ಟು 'ಆಕಾಶವಾಣಿ' ಎಂದೇ ಬಳಸಬೇಕು ಎಂದು ದೆಹಲಿಯಿಂದ ಆದೇಶ ಬಂತು. ಮೈಸೂರಿನ ಒಂದು ಮನೆಯ ಹೆಸರು ದೇಶದ ಹೆಸರಾಯಿತು ಅನ್ನಿ.

ಆಗ ಬ್ರಿಟಿಷರ ಕಾಲ. ಎರಡನೇ ಮಹಾಯುದ್ಧ ಶುರುವಾದ ಮೇಲೆ ಆಕಾಶದಲ್ಲೂ ಯುದ್ಧವೇ ನಡೆಯಿತು. 1940ರ ಮೇ 11ರಂದು ಬಿಬಿಸಿ ಭಾರತದ ಕೇಳುಗರಿಗಾಗಿ ಹಿಂದುಸ್ತಾನಿ ಪ್ರಸಾರ ಆರಂಭಿಸಿತು. 1942ರಲ್ಲಿ ಸುಭಾಷ್ ಚಂದ್ರ ಬೋಸ್ ಜರ್ಮನಿಯಿಂದ ಆಜಾದ್ ಹಿಂದ್ ರೇಡಿಯೋದಲ್ಲಿ ಮಾತನಾಡಿದರು. ಅದೇ ವರ್ಷ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ನಾಯಕರೆಲ್ಲ ಜೈಲಿಗೆ ಹೋದಾಗ, ಪತ್ರಿಕೆಗಳ ಬಾಯಿ ಕಟ್ಟಿದಾಗ, ಮುಂಬೈಯಲ್ಲಿ 22 ವರ್ಷದ ಉಷಾ ಮೆಹ್ತಾ ಮತ್ತು ಗೆಳೆಯರು ಗುಟ್ಟಾಗಿ 'ಕಾಂಗ್ರೆಸ್ ರೇಡಿಯೋ' ನಡೆಸಿದರು. 42.34 ಮೀಟರಿನಲ್ಲಿ, ಅಂದರೆ ಶಾರ್ಟ್‌ವೇವಿನಲ್ಲೇ. ಪೊಲೀಸರಿಗೆ ಸಿಗಬಾರದು ಎಂದು ಆಗಾಗ ಜಾಗ ಬದಲಿಸುತ್ತಿದ್ದರು. ಆಗಸ್ಟ್ 27ಕ್ಕೆ ಶುರುವಾದ ಆ ದನಿ ನವೆಂಬರ್ 12ಕ್ಕೆ ಪೊಲೀಸರ ಕೈಗೆ ಸಿಕ್ಕಿತು. ಮೂರು ತಿಂಗಳೂ ತುಂಬಲಿಲ್ಲ. ಉಷಾ ಮೆಹ್ತಾ ಜೈಲಿಗೆ ಹೋದರು.

ಒಂದು ಮಾತು ಇಲ್ಲೇ ಹೇಳಬೇಕು. ಎರಡನೇ ಸ್ಟೇಷನ್ ಅಂದ ಮಾತ್ರಕ್ಕೆ ಅದು ಸತ್ಯ ಹರಿಶ್ಚಂದ್ರನಲ್ಲ. 'ಅನಿಮಲ್ ಫಾರ್ಮ್' ಬರೆದ ಜಾರ್ಜ್ ಆರ್ವೆಲ್ 1941ರಿಂದ 1943ರವರೆಗೆ ಬಿಬಿಸಿಯ ಭಾರತ ವಿಭಾಗದಲ್ಲಿ ಕೆಲಸ ಮಾಡಿದರು. ಬ್ರಿಟನ್ನಿನ ಯುದ್ಧದ ಪರವಾಗಿ ಭಾರತೀಯರ ಮನ ಒಲಿಸುವುದೇ ಆ ಕೆಲಸ. ಜರ್ಮನಿ, ಜಪಾನ್ ರೇಡಿಯೋಗಳೂ ತಮ್ಮ ತುತ್ತೂರಿ ಊದುತ್ತಿದ್ದವು. ಎಲ್ಲರೂ ತಮ್ಮ ಲೆಕ್ಕ ಇಟ್ಟುಕೊಂಡೇ ಮಾತನಾಡುತ್ತಿದ್ದರು. ಎರಡೂ ಕೇಳಿದವನಿಗೆ ಮಾತ್ರ ಇಬ್ಬರ ಲೆಕ್ಕವೂ ಸ್ವಲ್ಪ ಸ್ವಲ್ಪ ತಿಳಿಯುತ್ತಿತ್ತು.

ಹಾಡಿಗಾಗಿ ಗಡಿ ದಾಟಿದ ಮುಳ್ಳು

1947ರಲ್ಲಿ ಸ್ವಾತಂತ್ರ್ಯ ಬಂದಾಗ ಆಲ್ ಇಂಡಿಯಾ ರೇಡಿಯೋ ಕೈಯಲ್ಲಿ ಇದ್ದಿದ್ದು ಆರೇ ಕೇಂದ್ರಗಳು: ದೆಹಲಿ, ಬಾಂಬೆ, ಕಲ್ಕತ್ತಾ, ಮದ್ರಾಸ್, ತಿರುಚಿರಾಪಳ್ಳಿ, ಲಖನೌ. ಕನ್ನಡ ನೆಲದ್ದು ಒಂದೂ ಇಲ್ಲ. ಮೈಸೂರಿನದು ಆಗ ಸಂಸ್ಥಾನದ ರೇಡಿಯೋ. 1950ರಲ್ಲಿ ಧಾರವಾಡ ಕೇಂದ್ರ, 1955ರಲ್ಲಿ ಬೆಂಗಳೂರು ಕೇಂದ್ರ ಬಂದವು. ಭದ್ರಾವತಿ ಮತ್ತು ಕಲಬುರಗಿ 1960ರ ದಶಕದಲ್ಲಿ, ಮಂಗಳೂರು 1976ರಲ್ಲಿ.

ಈ ನಡುವೆ ಜನ ಮುಳ್ಳು ತಿರುಗಿಸಿದ್ದು ಕೊಲಂಬೋ ಕಡೆಗೆ. 1952ರಿಂದ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾಗಿದ್ದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಅಂದರೆ ಆಗುತ್ತಿರಲಿಲ್ಲ. ರೇಡಿಯೋದಲ್ಲಿ ಶಾಸ್ತ್ರೀಯ ಸಂಗೀತ ಇರಲಿ, ಚಿತ್ರಗೀತೆ ಬೇಡ ಎಂಬ ನಿಲುವು. ಯುದ್ಧದ ಕಾಲದಲ್ಲಿ ಸೈನ್ಯಕ್ಕಾಗಿ ಶ್ರೀಲಂಕಾದಲ್ಲಿ ಹಾಕಿದ್ದ ಬಲವಾದ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್ ಆ ಹೊತ್ತಿಗೆ ರೇಡಿಯೋ ಸಿಲೋನ್ ಕೈಗೆ ಬಂದಿತ್ತು. ಕೊಲಂಬೋದಿಂದ ಮೈಸೂರಿಗೆ ನೇರ ದೂರ ಸುಮಾರು 700 ಕಿಲೋಮೀಟರ್. ಶಾರ್ಟ್‌ವೇವಿಗೆ ಅದು ಪಕ್ಕದ ಊರು. 1952ರ ಡಿಸೆಂಬರಿನಲ್ಲಿ ಅಮೀನ್ ಸಯಾನಿ ಅವರ 'ಬಿನಾಕಾ ಗೀತ್‌ಮಾಲಾ' ಶುರುವಾಯಿತು. ಬುಧವಾರ ರಾತ್ರಿ 8ಕ್ಕೆ ದೇಶವೇ ಕಿವಿಯಾಗುತ್ತಿತ್ತು. ಹಿಂದಿ, ತಮಿಳಿನ ಜತೆಗೆ ಕನ್ನಡ ಚಿತ್ರಗೀತೆಗಳೂ ಅಲ್ಲಿಂದ ಒಂದಿಷ್ಟು ಹೊತ್ತು ಬರುತ್ತಿದ್ದವು.

ಕೊನೆಗೆ ದೆಹಲಿಯೇ ಬಗ್ಗಿತು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರುವಾಯಿತು. ಇದನ್ನು ಬರೀ ಹಾಡಿನ ಕಥೆ ಎಂದು ಬಿಡಬೇಡಿ. ಕೇಳುಗ ಮುಳ್ಳು ಆಚೆಗೆ ತಿರುಗಿಸಿದರೆ ಸರ್ಕಾರವೂ ತನ್ನ ರೀತಿ ಬದಲಿಸಬೇಕಾಗುತ್ತದೆ ಎಂಬುದು ನಮ್ಮವರಿಗೆ ಮೊದಲು ಗೊತ್ತಾಗಿದ್ದು ಇಲ್ಲಿ.

ಪೆಟ್ಟಿಗೆ ಹೆಗಲಿಗೆ ಬಂತು

ಮೊದಲಿನ ರೇಡಿಯೋ ಅಂದರೆ ವಾಲ್ವ್ ಸೆಟ್ಟು. ಮರದ ದೊಡ್ಡ ಪೆಟ್ಟಿಗೆ. ಹಾಕಿದ ಮೇಲೆ ಬಿಸಿಯಾಗಿ ದನಿ ಬರಲು ಸ್ವಲ್ಪ ಹೊತ್ತು ಬೇಕು. ಕರೆಂಟ್ ಬೇಕು, ಇಲ್ಲದಿದ್ದರೆ ಭಾರದ ಬ್ಯಾಟರಿ ಬೇಕು. ಹಾಗಾಗಿ ಅದು ಇದ್ದದ್ದು ಗೌಡರ ಮನೆ, ಶಾನುಭೋಗರ ಮನೆ, ಇಲ್ಲವೇ ಪಂಚಾಯ್ತಿ ಕಟ್ಟೆಯಲ್ಲಿ. ಯಾವ ಸ್ಟೇಷನ್ ಕೇಳಬೇಕು ಎಂಬುದನ್ನು ಪೆಟ್ಟಿಗೆಯ ಯಜಮಾನ ತೀರ್ಮಾನಿಸುತ್ತಿದ್ದ. ಉಳಿದವರು ಜಗಲಿಯಲ್ಲಿ, ಕೆಲವರು ಜಗಲಿಯ ಕೆಳಗೆ, ಇನ್ನು ಕೆಲವರು ಬೀದಿಯಲ್ಲೇ ನಿಂತು ಕೇಳುತ್ತಿದ್ದರು. ಯಾರು ಎಲ್ಲಿ ನಿಲ್ಲಬೇಕು ಎಂಬುದನ್ನು ಜಾತಿ ಹೇಳುತ್ತಿತ್ತು.

ಇದನ್ನು ಬದಲಿಸಿದ್ದು ಟ್ರಾನ್ಸಿಸ್ಟರ್. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬಾರ್ಡೀನ್ ಮತ್ತು ಬ್ರಾಟೇನ್ ಮೊದಲ ಟ್ರಾನ್ಸಿಸ್ಟರ್ ಮಾಡಿ ತೋರಿಸಿದರು. ಅವರ ಜತೆಗಾರ ಶಾಕ್ಲಿ ಅದನ್ನು ಮುಂದುವರಿಸಿದರು. ಮೂವರಿಗೂ 1956ರ ನೊಬೆಲ್ ಬಂತು. 1954ರಲ್ಲಿ ಅಮೆರಿಕದಲ್ಲಿ ಮೊದಲ ಟ್ರಾನ್ಸಿಸ್ಟರ್ ರೇಡಿಯೋ ಅಂಗಡಿಗೆ ಬಂತು, ಮರುವರ್ಷ ಜಪಾನಿನ ಸೋನಿ ತನ್ನದನ್ನು ತಂದಿತು. ನಮ್ಮ ಕಡೆ 1960ರ ದಶಕದಿಂದಾಚೆ ಫಿಲಿಪ್ಸ್, ಮರ್ಫಿ, ಬುಷ್ ಹೆಸರಿನ ಸೆಟ್ಟುಗಳು ಹಳ್ಳಿಗೆ ಬಂದವು. ಸೆಲ್ಲು ಹಾಕಿದರೆ ಸಾಕು. ಗದ್ದೆಯ ಬದುವಿನಲ್ಲಿ ಹಾಡಿತು, ಎತ್ತಿನ ಗಾಡಿಯಲ್ಲಿ ಹಾಡಿತು, ಕುರಿ ಕಾಯುವವನ ಹೆಗಲಲ್ಲಿ ಹಾಡಿತು.

ಆದರೂ ಅದು ಪೂರ್ತಿ ಸ್ವತಂತ್ರವಾಗಿರಲಿಲ್ಲ. ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ಅಂಚೆ ಕಚೇರಿಯಲ್ಲಿ ಪುಸ್ತಕ ಮಾಡಿಸಿ ವರ್ಷ ವರ್ಷ ಹಣ ಕಟ್ಟಿ ನವೀಕರಿಸಬೇಕು. 1980ರ ದಶಕದಲ್ಲಿ ಆ ಪದ್ಧತಿ ಹೋಯಿತು. ಅಟ್ಟದ ಮೇಲಿನ ಟ್ರಂಕಿನಲ್ಲಿ ಹುಡುಕಿದರೆ ಕೆಲವರ ಮನೆಯಲ್ಲಿ ಆ ಪುಸ್ತಕ ಇನ್ನೂ ಸಿಗುತ್ತದೆ. ಸಿಕ್ಕರೆ ರದ್ದಿಗೆ ಹಾಕಬೇಡಿ. ನಮ್ಮ ಊರಿನ ಇತಿಹಾಸದ ದಾಖಲೆ ಅದು.

ಎರಡು ದಿನ, ಎರಡು ದನಿ

ಎರಡನೇ ಸ್ಟೇಷನ್ ಏಕೆ ಬೇಕು ಎಂಬುದಕ್ಕೆ ಎರಡು ತಾರೀಖು ಸಾಕು.

ಮೊದಲನೆಯದು 1975ರ ಜೂನ್ 26. ಹಿಂದಿನ ರಾತ್ರಿ ತುರ್ತು ಪರಿಸ್ಥಿತಿಗೆ ಸಹಿ ಬಿದ್ದಿತ್ತು. ದೆಹಲಿಯ ಪತ್ರಿಕಾ ಕಚೇರಿಗಳ ರಸ್ತೆಗೆ ಕರೆಂಟ್ ಕಡಿದಿದ್ದರು. ಬೆಳಿಗ್ಗೆ ಇಂದಿರಾ ಗಾಂಧಿ ಆಕಾಶವಾಣಿಯಲ್ಲಿ ಬಂದು ತುರ್ತು ಪರಿಸ್ಥಿತಿ ಘೋಷಣೆಯಾಗಿದೆ, ಗಾಬರಿಪಡಬೇಕಾದ್ದಿಲ್ಲ ಎಂದು ತಿಳಿಸಿದರು. ಸಂಸದೀಯ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಮುಂತಾದವರನ್ನು ಅಂದೇ ಬಂಧಿಸಿ ಇಲ್ಲಿನ ಸೆಂಟ್ರಲ್ ಜೈಲಿಗೆ ಹಾಕಿದರು. ಪತ್ರಿಕೆಗಳಿಗೆ ಸೆನ್ಸಾರ್ ಬಂತು. ಸೆನ್ಸಾರಿಗೆ ಒಪ್ಪದ ಬಿಬಿಸಿಯ ಮಾರ್ಕ್ ಟಲಿ ದೇಶ ಬಿಡಬೇಕಾಯಿತು. ಜನ ನಮ್ಮ ರೇಡಿಯೋಗೆ 'ಆಲ್ ಇಂದಿರಾ ರೇಡಿಯೋ' ಎಂದು ಅಡ್ಡಹೆಸರಿಟ್ಟರು. ರಾತ್ರಿ ಹೊತ್ತು ದನಿ ತಗ್ಗಿಸಿ ಬಿಬಿಸಿ ಹುಡುಕುವುದು ಆ ಇಪ್ಪತ್ತೊಂದು ತಿಂಗಳು ಊರೂರಿನ ರೂಢಿಯಾಯಿತು.

ಎರಡನೆಯದು 1984ರ ಅಕ್ಟೋಬರ್ 31. ಬೆಳಿಗ್ಗೆ 9 ದಾಟಿದ ಮೇಲೆ ಇಂದಿರಾ ಗಾಂಧಿಯವರಿಗೆ ಗುಂಡು ಹೊಡೆದರು. ಆಗ ದೆಹಲಿಯಲ್ಲಿದ್ದ ಬಿಬಿಸಿಯ ಸತೀಶ್ ಜೇಕಬ್ ಸುದ್ದಿ ಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಬಿಬಿಸಿ ಸಾವಿನ ಸುದ್ದಿ ಹೇಳಿತ್ತು. ಆಕಾಶವಾಣಿ ಅದನ್ನು ಹೇಳಿದ್ದು ಸಂಜೆ 6ರ ಸುಮಾರಿಗೆ. ಪಶ್ಚಿಮ ಬಂಗಾಳದ ಪ್ರವಾಸದಲ್ಲಿದ್ದ ಮಗ ರಾಜೀವ್ ಗಾಂಧಿ ಕೂಡ ತಾಯಿಯ ಸ್ಥಿತಿ ತಿಳಿಯಲು ಕಾರಿನಲ್ಲಿ ಕೇಳಿದ್ದು ಬಿಬಿಸಿಯನ್ನೇ. ಜತೆಗಿದ್ದ ಪ್ರಣಬ್ ಮುಖರ್ಜಿ ಇದನ್ನು ಬರೆದಿಟ್ಟಿದ್ದಾರೆ. ಸ್ವಲ್ಪ ಯೋಚಿಸಿ. ಅಂದು ಸಂಜೆಯೊಳಗೆ ದೇಶದ ಪ್ರಧಾನಿಯಾಗಬೇಕಿದ್ದ ಮನುಷ್ಯನಿಗೂ ನಮ್ಮೂರಿನ ಮೂಲೆ ಮನೆಯ ರೈತನಿಗೂ ಅಂದು ಸುದ್ದಿ ಕೊಟ್ಟಿದ್ದು ಒಂದೇ ಥರದ ಪೆಟ್ಟಿಗೆ.

ಆಕಾಶವಾಣಿ ಬೇಡವಾಗಿತ್ತು ಅಂತ ಇದರ ಅರ್ಥವಲ್ಲ. ಮಳೆ, ಬಿತ್ತನೆ, ಧಾರಣೆ, ಪ್ರದೇಶ ಸಮಾಚಾರ ಇವನ್ನೆಲ್ಲ ಲಂಡನ್ ನಮಗೆ ಹೇಳುತ್ತಿರಲಿಲ್ಲ. ಮೀಡಿಯಂ ವೇವ್ ಮನೆ ಬಾವಿ ಇದ್ದ ಹಾಗೆ, ದಿನದ ಬಳಕೆಗೆ ಅದೇ. ಶಾರ್ಟ್‌ವೇವ್ ಊರಾಚೆಯ ಬಾವಿ. ಮನೆ ಬಾವಿಯ ನೀರು ಕದಡಿದ ದಿನ ಅಲ್ಲಿಗೆ ನಡೆಯಬೇಕು.

ಸೆಟ್ಟನ್ನು ಅಳೆಯುವುದು ಹೇಗೆ?

ಈಗಲೂ ಶಾರ್ಟ್‌ವೇವ್ ಇರುವ ಸಣ್ಣ ಸೆಟ್ಟುಗಳು ಸಿಗುತ್ತವೆ. ಕೆಲವು ಮುಳ್ಳಿನವು, ಕೆಲವು ಅಂಕಿ ತೋರಿಸುವ ಡಿಜಿಟಲ್. ಕೊಳ್ಳುವವರು, ಅಥವಾ ಅಟ್ಟದಿಂದ ಅಜ್ಜನದನ್ನು ಇಳಿಸುವವರು, ಇಷ್ಟು ನೋಡಿ.

ಮೊದಲು ಬ್ಯಾಂಡಿನ ಹರವು. ಪೆಟ್ಟಿಗೆಯ ಮೇಲೆ '10 ಬ್ಯಾಂಡ್' ಎಂದು ಬರೆದಿದ್ದರೆ ಮರುಳಾಗಬೇಡಿ. 49, 41, 31, 25, 19 ಮೀಟರ್ ಇವೆಯೇ ನೋಡಿ. ಮೀಟರಿಗೂ ಮೆಗಾಹರ್ಟ್ಸಿಗೂ ಲೆಕ್ಕ ಸುಲಭ: 300ನ್ನು ಮೆಗಾಹರ್ಟ್ಸಿನಿಂದ ಭಾಗಿಸಿದರೆ ಸುಮಾರು ಮೀಟರ್ ಬರುತ್ತದೆ. 6 ಮೆಗಾಹರ್ಟ್ಸ್ ಅಂದರೆ 50ರ ಹತ್ತಿರ, 12 ಅಂದರೆ 25.

ಎರಡನೆಯದು ಹೊತ್ತು. ಮಟಮಟ ಮಧ್ಯಾಹ್ನ ಹಾಕಿ ಏನೂ ಬರುತ್ತಿಲ್ಲ ಎಂದು ಬೈಯಬೇಡಿ. ಹಗಲು 19, 16 ಮೀಟರಿನಂಥ ಮೇಲಿನ ಬ್ಯಾಂಡುಗಳನ್ನು ಹುಡುಕಿ. ಕತ್ತಲಾದ ಮೇಲೆ 31, 41, 49. ಮುಸ್ಸಂಜೆ ಮತ್ತು ಮುಂಜಾನೆ ಒಳ್ಳೆಯ ಹೊತ್ತು.

ಮೂರನೆಯದು ಬಿಡಿಸಿ ಹೇಳುವ ಶಕ್ತಿ. ಪಕ್ಕಪಕ್ಕದ ಎರಡು ಸ್ಟೇಷನ್‌ಗಳು ಒಂದರ ಮೇಲೊಂದು ಬಿದ್ದು ಸಂತೆಯಾಗುತ್ತಿದೆಯೇ, ಬೇರೆಬೇರೆಯಾಗಿ ನಿಲ್ಲುತ್ತವೆಯೇ? ಸೆಟ್ಟಿನ ನಿಜವಾದ ಬೆಲೆ ಇಲ್ಲೇ ಗೊತ್ತಾಗುತ್ತದೆ.

ನಾಲ್ಕನೆಯದು ಸುಳ್ಳು ಸ್ಟೇಷನ್. ಹಳೆಯ ಸೆಟ್ಟುಗಳು ಬಂದ ಅಲೆಯನ್ನು ಒಳಗೆ 455 ಕಿಲೋಹರ್ಟ್ಸಿಗೆ ಇಳಿಸಿಕೊಂಡು ಕೆಲಸ ಮಾಡುತ್ತವೆ. ಹಾಗೆ ಇಳಿಸುವಾಗ ಬಲವಾದ ಸ್ಟೇಷನ್ ಒಂದು ತನ್ನ ಜಾಗದಲ್ಲೂ, ಅದರ ಎರಡರಷ್ಟು, ಅಂದರೆ 910 ಕಿಲೋಹರ್ಟ್ಸ್ ಕೆಳಗೂ ಇಣುಕುತ್ತದೆ. ಕಡಿಮೆ ಬೆಲೆಯ ಸೆಟ್ಟಿನಲ್ಲಿ ಇದು ಜಾಸ್ತಿ. ಒಂದೇ ದನಿ ಎರಡು ಕಡೆ ಕೇಳಿದರೆ ಎರಡು ಸ್ಟೇಷನ್ ಎಂದುಕೊಳ್ಳಬೇಡಿ. ಸುದ್ದಿಗೂ ಈ ಮಾತು ಸಲ್ಲುತ್ತದೆ.

ಐದನೆಯದು ಏರಿಯಲ್. ಸೆಟ್ಟಿನ ಕಡ್ಡಿ ಸಾಲದಿದ್ದರೆ ಸುಮಾರು ಹತ್ತು ಮೀಟರ್ ವೈರನ್ನು ಮರಕ್ಕೆ ಎಳೆದು ತುದಿಯನ್ನು ಕಡ್ಡಿಗೆ ಕ್ಲಿಪ್ ಮಾಡಿ. ಕರೆಂಟ್ ಲೈನಿನ ಮೇಲಾಗಲಿ ಹತ್ತಿರವಾಗಲಿ ಎಳೆಯಲೇಬೇಡಿ. ಗುಡುಗು, ಸಿಡಿಲಿನ ಸೂಚನೆ ಕಂಡರೆ ಮೊದಲೇ ಬಿಚ್ಚಿಬಿಡಿ.

ಆರನೆಯದು ಈ ಕಾಲದ ಪಿಡುಗು. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಯುಪಿಎಸ್ ಇವೆಲ್ಲ ಶಾರ್ಟ್‌ವೇವಿನಲ್ಲಿ ಗರಗರ ಸದ್ದು ಸುರಿಯುತ್ತವೆ. ಮನೆಯೊಳಗೆ ಹಾಕಿ ನೋಡಿ, ಆಮೇಲೆ ಹೊಲಕ್ಕೆ ಒಯ್ದು ಹಾಕಿ ನೋಡಿ. ಪೇಟೆಯವರಿಗಿಂತ ನಮಗೆ ಇರುವ ಅನುಕೂಲ ಇದೊಂದು. ನಮ್ಮ ಹೊಲ ಇನ್ನೂ ನಿಶ್ಶಬ್ದವಾಗಿದೆ.

ಈಗ ಅಲ್ಲಿ ಏನಿದೆ?

ಸತ್ಯ ಹೇಳಬೇಕಲ್ಲ, ಆ ಬಾವಿಯ ನೀರು ತುಂಬಾ ಇಳಿದಿದೆ. ಬಿಬಿಸಿ ಹಿಂದಿಯ ಶಾರ್ಟ್‌ವೇವ್ ಪ್ರಸಾರ 2020ರ ಜನವರಿ 31ಕ್ಕೆ ಕೊನೆಯಾಯಿತು. ಎಂಬತ್ತು ವರ್ಷ ತುಂಬಲು ಕೆಲವೇ ತಿಂಗಳು ಬಾಕಿ ಇತ್ತು. ಆಕಾಶವಾಣಿಯೂ ಹಲವು ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್‌ಗಳನ್ನು ನಿಲ್ಲಿಸಿದೆ. ಅಮೀನ್ ಸಯಾನಿ 2024ರ ಫೆಬ್ರವರಿಯಲ್ಲಿ ತೀರಿಕೊಂಡರು. ಇಂದು ಮುಳ್ಳು ತಿರುಗಿಸಿದರೆ ಚೀನಾದ ದನಿ ಗಟ್ಟಿಯಾಗಿ ಕೇಳುತ್ತದೆ, ಇಂಗ್ಲಿಷ್ ಪ್ರಸಾರಗಳು ಅಲ್ಲಲ್ಲಿ ಸಿಗುತ್ತವೆ. ಕನ್ನಡ ಸುದ್ದಿಗಾಗಿ ಯಾರೂ ಇದನ್ನು ಕೊಳ್ಳಬೇಕಾಗಿಲ್ಲ.

ಹಾಗಾದರೆ ಕಥೆ ಮುಗಿಯಿತೇ? 2019ರ ಆಗಸ್ಟಿನಲ್ಲಿ ಕಾಶ್ಮೀರದಲ್ಲಿ ಫೋನು, ಇಂಟರ್ನೆಟ್ ಎಲ್ಲ ನಿಲ್ಲಿಸಿದಾಗ ಬಿಬಿಸಿ ಅಲ್ಲಿಗಾಗಿ ಶಾರ್ಟ್‌ವೇವ್ ಸುದ್ದಿಯ ಅವಧಿಯನ್ನು ಹೆಚ್ಚಿಸಿತು. ಯುಕ್ರೇನ್ ಯುದ್ಧ ಶುರುವಾದ ಮೇಲೆ 2022ರ ಮಾರ್ಚಿನಲ್ಲಿ ದಿನಕ್ಕೆ ನಾಲ್ಕು ಗಂಟೆ ಶಾರ್ಟ್‌ವೇವ್ ಪ್ರಸಾರವನ್ನು ಮತ್ತೆ ಆರಂಭಿಸಿತು. ಟವರ್ ಬಿದ್ದರೂ, ಯಾರೋ ಸ್ವಿಚ್ ಆರಿಸಿದರೂ, ಸಾವಿರಾರು ಕಿಲೋಮೀಟರ್ ಆಚೆಯಿಂದ ಬರುವ ಅಲೆಯನ್ನು ತಡೆಯುವುದು ಅಷ್ಟು ಸುಲಭವಲ್ಲ. ಅದನ್ನು ಕೇಳಲು ರೀಚಾರ್ಜ್ ಬೇಡ, ಹೆಸರು ಕೊಡಬೇಕಾಗಿಲ್ಲ. ನೀವು ಏನು ಕೇಳಿದಿರಿ ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ದಿನಗಟ್ಟಲೆ ಟವರ್ ಸತ್ತು ಕೂರುವ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜಿಲ್ಲೆಯಲ್ಲಿ ಸುದ್ದಿ ಓಡಾಡಿಸುವ ನನ್ನಂಥವರ ಫೋನಿಗೆ ದಿನಾ ಬರುವ ಪ್ರಶ್ನೆ ಒಂದೇ: "ಸಾರ್, ಈ ವಿಡಿಯೋ ನಿಜಾನಾ?" ಕೇಳುವವರ ಕೈಯಲ್ಲಿ ಲೋಕದ ಸಾವಿರ ಸ್ಟೇಷನ್ ಇದೆ. ಆದರೆ ಗ್ರೂಪಿನಲ್ಲಿ ಬಂದದ್ದು ಹತ್ತು ಗ್ರೂಪಿನಲ್ಲಿ ಬಂದರೆ ಹತ್ತು ಜನ ಹೇಳಿದರು ಎಂದುಕೊಳ್ಳುತ್ತೇವೆ. ಅದು 910 ಕಿಲೋಹರ್ಟ್ಸ್ ಕೆಳಗಿನ ಸುಳ್ಳು ಸ್ಟೇಷನ್ ಇದ್ದ ಹಾಗೆ. ದನಿ ಎರಡು ಕಡೆ ಕೇಳುತ್ತದೆ, ಮೂಲ ಒಂದೇ.

ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿಗೆ ಓದು ಬರುತ್ತಿರಲಿಲ್ಲ. ಆದರೂ ಆಕಾಶವಾಣಿ ಹೇಳಿದ್ದನ್ನು ಕೇಳಿ, ಮುಳ್ಳು ತಿರುಗಿಸಿ ಇನ್ನೊಬ್ಬ ಏನು ಹೇಳುತ್ತಾನೆ ಎಂದು ಕೇಳಿ, ಆಮೇಲೆ ಕಟ್ಟೆಗೆ ಬಂದು ಮಾತನಾಡುತ್ತಿದ್ದವರು ಊರಿಗೆ ನಾಲ್ಕು ಜನರಾದರೂ ಇದ್ದರು. ಗರಗರ ಸದ್ದಿನ ನಡುವೆ ಕಿವಿಗೊಟ್ಟು ಹುಡುಕುವ ಆ ತಾಳ್ಮೆಗೆ ಸರ್ಟಿಫಿಕೇಟ್ ಬೇಕಿರಲಿಲ್ಲ.

ಅಂಥವರು ನಿಮ್ಮ ಊರಿನಲ್ಲಿ ಇನ್ನೂ ಇದ್ದಾರೆ. ಮುಂದಿನ ಸಲ ಸಿಕ್ಕಾಗ ಹಾಡಿನ ಬಗ್ಗೆ ಮಾತ್ರ ಕೇಳಬೇಡಿ. 1975ರಲ್ಲಿ, 1984ರಲ್ಲಿ ಯಾವ ಸ್ಟೇಷನ್ ಕೇಳಿದಿರಿ, ಯಾರ ಮನೆಯಲ್ಲಿ ಕೇಳಿದಿರಿ, ಎಲ್ಲಿ ಕೂತು ಕೇಳಿದಿರಿ, ಯಾವುದನ್ನು ನಂಬಿದಿರಿ, ಏಕೆ ನಂಬಿದಿರಿ ಎಂದು ಕೇಳಿ. ಫೋನಿನಲ್ಲೇ ರೆಕಾರ್ಡ್ ಮಾಡಿಕೊಳ್ಳಿ. ಅವರ ಮಾತು ಇನ್ನೂ ಯಾವ ಪುಸ್ತಕದಲ್ಲೂ ಬಂದಿಲ್ಲ.